ನರ್ಸಮ್ಮನ ಬೀಳ್ಕೊಡುಗೆಯಲ್ಲಿ ಬೇಲಿಯ ವಿಷಯ ಎತ್ತಬೇಕಾ, ಬೇಡವಾ?

ಮೂರೆಕರೆ ರೊಬಸ್ಟಾ (ಸಕಲೇಶಪುರ ತಾಲ್ಲೂಕು):

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಮೆಣಸಿನ ರೇಟು, ಆನೆ ಕಾಟ ಇಷ್ಟನ್ನೇ ಕೇಳಿದವನು ನಾನು. ಇವತ್ತಿನದು ಬೇರೆ ತರಹದ ಪ್ರಶ್ನೆ. ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

ನಮ್ಮ ಉಪಕೇಂದ್ರದ ನರ್ಸಮ್ಮ ಈ ತಿಂಗಳ ಕೊನೆಗೆ ನಿವೃತ್ತಿ ಆಗುತ್ತಿದ್ದಾರೆ. ಹತ್ತೊಂಬತ್ತು ವರ್ಷ ನಮ್ಮ ಕಡೆಯೇ ಇದ್ದರು. ಈಗ ಕಾಲೇಜಿಗೆ ಹೋಗುವ ಹುಡುಗರ ತೊಡೆಗೆ ಮೊದಲ ಸೂಜಿ ಚುಚ್ಚಿದವರು ಅವರೇ. ಒಂದು ಬೀಳ್ಕೊಡುಗೆ ಮಾಡೋಣ ಅಂತ ಮೊನ್ನೆ ಹಾಲಿನ ಡೈರಿ ಕಟ್ಟಡದಲ್ಲಿ ಸಭೆ ಸೇರಿದೆವು. ಶಾಲು, ಪೇಟ, ಹಣ್ಣಿನ ಬುಟ್ಟಿ, ಒಂದು ಫ್ಲೆಕ್ಸ್ ಅಂತ ತೀರ್ಮಾನ ಆಯಿತು. ಫ್ಲೆಕ್ಸಿನಲ್ಲಿ ಅವರ ಫೋಟೋ ಎಷ್ಟು ದೊಡ್ಡದಿರಬೇಕು, ದುಡ್ಡು ಕೊಟ್ಟವರ ಫೋಟೋ ಎಷ್ಟು ದೊಡ್ಡದಿರಬೇಕು ಅನ್ನುವುದಕ್ಕೇ ಮುಕ್ಕಾಲು ಗಂಟೆ ಹೋಯಿತು. ಕೊನೆಗೆ ನನ್ನ ಕಡೆ ತಿರುಗಿ, "ಕೊರೊನಾ ಟೈಮಲ್ಲಿ ಮಾಡಿದ ಸೇವೆ ಬಗ್ಗೆ ನೀನೇ ನಾಲ್ಕು ಮಾತಾಡು, ನಿಮ್ಮವ್ವನ್ನ ಉಳಿಸಿದ್ದು ಅವರೇ ತಾನೆ" ಅಂದರು. ಹೂಂ ಅಂದು ಬಂದೆ. ರಾತ್ರಿ ಬರೆಯಲು ಕೂತರೆ ಮೊದಲ ಸಾಲೇ ಹೊರಡಲಿಲ್ಲ. ಯಾಕೆ ಅಂತ ಹೇಳುತ್ತೇನೆ.

2020ರಲ್ಲಿ ಯುಗಾದಿ ಮಾರ್ಚ್ 25ಕ್ಕೆ ಬಂದಿತ್ತು. ಲಾಕ್‌ಡೌನಿನ ಮೊದಲ ದಿನವೂ ಅದೇ. ಅಷ್ಟರಲ್ಲಾಗಲೇ ಬೆಂಗಳೂರಿನಲ್ಲಿದ್ದ ನಮ್ಮೂರ ಹುಡುಗರೆಲ್ಲ ಬೈಕು, ಕಾರು, ತರಕಾರಿ ಗಾಡಿ, ಸಿಕ್ಕಿದ್ದರಲ್ಲಿ ಬಂದು ಇಳಿದಿದ್ದರು. ಅವರನ್ನೆಲ್ಲ ಒಳಗೆ ಬಿಟ್ಟುಕೊಂಡ ಮೇಲೆ ನಮಗೆ ಬೇಲಿ ಹಾಕುವ ಬುದ್ಧಿ ಬಂತು! ಹೊಸತೊಡಕಿನ ದಿನ ಊಟ ಮುಗಿಸಿ, ಸಿಲ್ವರ್ ಮರದ ಕೊಂಬೆ, ಲಂಟಾನ ಮುಳ್ಳು ಕಡಿದು ತಂದು ಊರ ಬಾಗಿಲಲ್ಲಿ ಹಾಕಿದೆವು. ಅದರ ಮೇಲೆ ಹಳೇ ಲೈಟು ಕಂಬ ಅಡ್ಡ ಇಟ್ಟೆವು. "ಹೊರಗಿನವರಿಗೆ ಪ್ರವೇಶವಿಲ್ಲ" ಅಂತ ತಗಡಿನ ಮೇಲೆ ಬಿಳಿ ಪೇಂಟಿನಲ್ಲಿ ಬೋರ್ಡ್. ಅಕ್ಷರ ಚೆನ್ನಾಗಿದೆ ಅಂತ ಬರೆಯುವ ಕೆಲಸ ನನಗೆ ಬಂತು.

ಏಪ್ರಿಲ್ ಮೊದಲ ವಾರ ನರ್ಸಮ್ಮ ಸ್ಕೂಟಿಯಲ್ಲಿ ಬಂದರು. ಬೆಂಗಳೂರಿನಿಂದ ಬಂದವರ ಪಟ್ಟಿ ಮಾಡಬೇಕಿತ್ತು. ಬಿಪಿ, ಶುಗರಿನವರಿಗೆ ಮಾತ್ರೆ ಕೊಡಬೇಕಿತ್ತು. ಕಾವಲಿಗಿದ್ದ ಹುಡುಗರು ಕಂಬ ಎತ್ತಲಿಲ್ಲ. "ನೀವು ಆಸ್ಪತ್ರೆಯಿಂದ ಬರೋರು ಮೇಡಂ, ನಿಮ್ಮಿಂದಲೇ ಬರೋದು ಅದು" ಅಂದ ಒಬ್ಬ. ಅವರು ಒಂದು ಮಾತೂ ಆಡಲಿಲ್ಲ. ಸ್ಕೂಟಿಗೆ ಸ್ಟ್ಯಾಂಡ್ ಹಾಕಿದರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು, ಬ್ಯಾಗನ್ನು ಮುಂದೆ ತಳ್ಳಿ ಕಂಬದ ಕೆಳಗೆ ಬಗ್ಗಿ ನುಸುಳಿ ಒಳಗೆ ಬಂದರು. ಆಗ ಅವರಿಗೆ ಐವತ್ತೈದರ ಹತ್ತಿರ ವಯಸ್ಸು. ನಾನು ಹತ್ತು ಅಡಿ ದೂರದಲ್ಲಿ ಮುಖಕ್ಕೆ ಟವೆಲ್ ಸುತ್ತಿಕೊಂಡು ನಿಂತಿದ್ದೆ. ವಾರದ ಹಿಂದೆ ಬಿದ್ದ ಮಳೆಗೆ ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟಿತ್ತು, ಘಮ ಅಂದರೆ ಘಮ. ಈಗಲೂ ಕಾಫಿ ಹೂವಿನ ವಾಸನೆ ಬಂದರೆ ನನಗೆ ಆ ಕಂಬವೇ ಕಣ್ಣಿಗೆ ಬರುತ್ತದೆ.

ಮಧ್ಯಾಹ್ನ ನಮ್ಮ ಮನೆ ಜಗಲಿ ಹತ್ತಿರ ಬಂದು ನೀರು ಕೇಳಿದರು. ಅವ್ವ ಚೊಂಬನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಹೋದಳು. ಅವರು ಕುಡಿದು ಹೋದ ಮೇಲೆ ಆ ಚೊಂಬನ್ನು ಹುಣಸೆಹಣ್ಣು ಹಾಕಿ ಎರಡು ಸಲ ತಿಕ್ಕಿಸಿದಳು. ಅವತ್ತು ಅವರು ಹೊತ್ತು ತಂದ ಮಾತ್ರೆ ಅವ್ವನಿಗೇ. ಶುಗರಿಂದು.

ಇನ್ನು ಮಾರನೇ ವರ್ಷದ ಮೇ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ ಅಂಗಡಿ ತೆಗೆಯುತ್ತಿದ್ದ ದಿನಗಳು. ಅವ್ವನಿಗೆ ಜ್ವರ ಬಂತು. ಟೆಸ್ಟ್ ಮಾಡಿಸಿದರೆ ಕೊರೊನಾ ಕೇಂದ್ರ ಮಾಡಿದ್ದ ಹಾಸ್ಟೆಲಿಗೆ ಒಯ್ದು ಹಾಕುತ್ತಾರೆ ಅಂತ ನಾಲ್ಕು ದಿನ ಬಚ್ಚಿಟ್ಟೆವು. ನಮ್ಮೂರಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಮೂಗಿಗೆ ಕಡ್ಡಿ ಹಾಕೋರು ಬಂದರು ಅಂದರೆ ಅರ್ಧ ಊರು ತೋಟದೊಳಗೆ. ನನಗೋ ಒಣಮೀನು ಸುಟ್ಟರೂ ವಾಸನೆ ಗೊತ್ತಾಗುತ್ತಿರಲಿಲ್ಲ, ಆದರೂ ನೆಗಡಿ ಅಂತಲೇ ವಾದ. ಐದನೇ ರಾತ್ರಿ ಹನ್ನೊಂದು ಗಂಟೆಗೆ ಅವ್ವ ಉಸಿರಿಗೆ ಒದ್ದಾಡತೊಡಗಿದಳು. ಯಾರಿಗೆ ಫೋನ್ ಮಾಡೋದು? ಅವರಿಗೇ ಮಾಡಿದೆ.

ಮಳೆಯಲ್ಲಿ ಅದೇ ಸ್ಕೂಟಿಯಲ್ಲಿ ಬಂದರು. ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ರಕ್ತದ ಆಕ್ಸಿಜನ್ 86. ತೊಂಬತ್ತನಾಲ್ಕಕ್ಕಿಂತ ಕೆಳಗೆ ಬಂದರೆ ಕಾಯಬಾರದು ಅಂತ ಅವರೇ ಮನೆಮನೆಗೆ ಹೇಳಿಕೊಂಡು ಹೋಗಿದ್ದರು, ನಾವು ಕೇಳಿಸಿಕೊಂಡಿರಲಿಲ್ಲ. "ಬೋರಲು ಮಲಗಿಸಿ, ಹೊಟ್ಟೆ ಕೆಳಗೆ ದಿಂಬು ಕೊಡಿ" ಅಂದರು. 108 ಬೇರೆ ಕಡೆ ಹೋಗಿತ್ತು. ಪಕ್ಕದ ಮನೆಯವರ ಶುಂಠಿ ಸಾಗಿಸುವ ಪಿಕಪ್‌ನಲ್ಲಿ ಹಾಸಿಗೆ ಹಾಸಿ, ಮೇಲೆ ಟಾರ್ಪಾಲ್ ಕಟ್ಟಿದೆವು. ನರ್ಸಮ್ಮ ಹಿಂದೆ ಅವ್ವನ ಪಕ್ಕದಲ್ಲೇ ಕೂತರು. ಎರಡು ಮಾಸ್ಕ್ ಬಿಟ್ಟರೆ ಅವರ ಮೈಮೇಲೆ ಬೇರೇನೂ ಇರಲಿಲ್ಲ. ದಾರಿಯುದ್ದಕ್ಕೂ ಆಕ್ಸಿಮೀಟರ್ ನೋಡಿ ನಂಬರ್ ಕೂಗುತ್ತಿದ್ದರು, ಮುಂದೆ ಕೂತ ನಾನು ಅದನ್ನು ಕೇಳುತ್ತಿದ್ದೆ. 86, 87, 85, 88. ಆಕ್ಸಿಜನ್ ಬೆಡ್ ಸಿಕ್ಕಿತು. ಹನ್ನೊಂದು ದಿನಕ್ಕೆ ಅವ್ವ ಮನೆಗೆ ಬಂದಳು.

ಈಗ ಹೇಳಿ. ಬೇಲಿಯ ಮಾತು ಬಿಟ್ಟು ಬರೀ ಪಿಕಪ್ಪಿನ ಕಥೆ ಹೇಳಿದರೆ ಅದು ಅರ್ಧ ಸುಳ್ಳು. ಬೇಲಿಯ ಮಾತು ಎತ್ತಿದರೆ ಎದುರು ಕೂತ ಸಮಿತಿಯವರಲ್ಲಿ ಅರ್ಧ ಜನ ಮುಳ್ಳು ಕಡಿದವರೇ. ಶುಭ ಕಾರ್ಯದಲ್ಲಿ ಅಪಶಕುನ ಅಂತಾರೆ. ಏನು ಮಾಡಲಿ? ಹಾಗೇ, ಈ ಶಾಲು ಪೇಟ ಬಿಟ್ಟು ಅವರಿಗೆ ನಿಜವಾಗಿ ಖುಷಿಯಾಗುವಂಥದ್ದು ಏನಾದರೂ ಇದ್ದರೆ ತಿಳಿಸಿ.

ಅಪ್ಪೆಮಿಡಿ (ಕೊಪ್ಪ):

ಅಣ್ಣ, ನಾನು ನರ್ಸ್ ಮಗಳು. ನಮ್ಮಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲೇ ಇದೇ ಕೆಲಸ ಮಾಡಿ ನಿವೃತ್ತಿ ಆದವರು. ಹಾಗಾಗಿ ಮೊದಲು ಶಾಲಿನ ವಿಷಯ ಮುಗಿಸುತ್ತೇನೆ. ನಮ್ಮ ಮನೆ ಟ್ರಂಕಿನಲ್ಲಿ ಹನ್ನೊಂದು ಶಾಲುಗಳಿವೆ. ಅದರಲ್ಲಿ ಒಂದನ್ನೂ ಹೊದೆಯಲು ಆಗಲ್ಲ, ಮೈ ಚುಚ್ಚುತ್ತದೆ. ಪೇಟವನ್ನು ನನ್ನ ತಂಗಿ ಮಗ ಆಟಕ್ಕೆ ತಲೆಗೆ ಹಾಕಿಕೊಂಡು ಓಡಾಡುತ್ತಾನೆ.

ಆ ವರ್ಷ ಅಮ್ಮ ಸಂಜೆ ಬಂದರೆ ಮನೆಯೊಳಗೆ ಬರುತ್ತಿರಲಿಲ್ಲ. ಕೊಟ್ಟಿಗೆ ಪಕ್ಕದ ಬಚ್ಚಲಲ್ಲಿ ಹಂಡೆ ನೀರು ಕಾಯಿಸಿ ಇಡುತ್ತಿದ್ದೆವು. ಸೀರೆಯನ್ನು ಅಲ್ಲೇ ಸೋಪಿನ ನೀರಿಗೆ ಹಾಕಿ, ತಲೆಗೆ ಸ್ನಾನ ಮಾಡಿಯೇ ಒಳಗೆ. ಜೂನ್ ಮಳೆಗೆ ಸೀರೆ ಒಣಗಬೇಕಲ್ಲ? ಒಣಗುತ್ತಿರಲಿಲ್ಲ. ಬಚ್ಚಲ ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸಿ, ಹೊಗೆ ವಾಸನೆಯ ಸೀರೆಯನ್ನೇ ಉಟ್ಟುಕೊಂಡು ಹೋಗುತ್ತಿದ್ದರು. ಅಜ್ಜಿಗೆ ಎಂಬತ್ತೆರಡು ವರ್ಷ ಅಂತ ಅಮ್ಮ ಆ ಕಡೆ ಕೋಣೆಗೇ ಹೋಗುತ್ತಿರಲಿಲ್ಲ, ಬಾಗಿಲಲ್ಲಿ ನಿಂತು ಮಾತಾಡಿಸಿ ಬರುತ್ತಿದ್ದರು.

ಇನ್ನೊಂದು ವಿಷಯ, ಯಾರೂ ಕೇಳದ್ದು. ಅಮ್ಮ ಫೀಲ್ಡಿಗೆ ಹೋದ ದಿನ ನೀರೇ ಕುಡಿಯುತ್ತಿರಲಿಲ್ಲ. ಯಾಕೆಂದರೆ ಯಾರ ಮನೆಯ ಪಾಯಿಖಾನೆಯನ್ನೂ ಕೇಳುವ ಹಾಗಿರಲಿಲ್ಲ. ಮುಂಚೆ ಕೇಳಿದರೆ "ಬನ್ನಿ ಅಕ್ಕ" ಅನ್ನುತ್ತಿದ್ದವರೇ ಆಗ ಬೀಗ ಹಾಕಿಕೊಂಡರು. ನಿಮ್ಮ ನರ್ಸಮ್ಮ ನೀರು ಕೇಳಿದರು ಅಂದರೆ ಅವತ್ತು ಅವರಿಗೆ ತೀರಾ ಆಗಿರಲಿಲ್ಲ ಅಂತ ಅರ್ಥ.

ಅಮ್ಮ ಇವತ್ತಿಗೂ ನೆನೆಯುವುದು ಒಂದೇ. ಒಬ್ಬ ಅಜ್ಜಿ ತಮ್ಮ ಬೇಲಿಯ ತಡಮೆ ಗೂಟದ ಮೇಲೆ ಒಂದು ಡಬ್ಬಿ ಇಟ್ಟು, ದೂರದಿಂದ "ತಗೊಂಡ್ ಹೋಗು ಮಗಳೇ" ಅಂತ ಕೂಗಿದ್ದು. ಮಿಡಿ ಉಪ್ಪಿನಕಾಯಿ. ಆ ಡಬ್ಬಿ ವಾಪಸ್ ಕೊಡುವಷ್ಟರಲ್ಲಿ ಅಜ್ಜಿ ತೀರಿಕೊಂಡರು, ಕೊರೊನಾದಿಂದಲ್ಲ, ವಯಸ್ಸಾಗಿ. ಡಬ್ಬಿಯಲ್ಲಿ ಈಗ ಅಮ್ಮ ಸಾಸಿವೆ ಇಡುತ್ತಾರೆ.

ಬೇಲಿಯ ಮಾತು ಆಡಿ ಅಣ್ಣ. ಆದರೆ ಮೈಕಿನಲ್ಲಿ ಮಾತ್ರ ಆಡಿ ಸುಮ್ಮನಾಗಬೇಡಿ. ಮೈಕಿನಲ್ಲಿ ಕ್ಷಮೆ ಕೇಳಿದರೆ ಅವರು ಎಲ್ಲರ ಎದುರು ನಗಲೇಬೇಕಾಗುತ್ತದೆ. ಅದೂ ಅವರಿಗೇ ಇನ್ನೊಂದು ಕೆಲಸ.

ಹಳೇಬೀಡು ರಸ್ತೆ:

ನನ್ನದು ಬೇರೆ ಅಭಿಪ್ರಾಯ, ಕೋಪ ಮಾಡ್ಕೋಬೇಡಿ. ಐದು ವರ್ಷದ ಹಿಂದಿನದನ್ನು ಈಗ ಕೆದಕಿ ಏನು ಪ್ರಯೋಜನ? ಬೇಲಿ ಹಾಕದ ಊರು ಯಾವುದು? ನಮ್ಮಲ್ಲಿ ರಸ್ತೆಗೆ ಜೆಸಿಬಿ ತಂದು ಗುಂಡಿಯನ್ನೇ ತೋಡಿದ್ದರು. ಅದು ಕೆಟ್ಟತನ ಅಲ್ಲ, ಭಯ.

ಮತ್ತೆ ಬೇಲಿ ಪೂರ್ತಿ ತಪ್ಪು ಅಂತಲೂ ನಾನು ಒಪ್ಪಲ್ಲ. ಮುತ್ತಜ್ಜನ ಕಾಲದಲ್ಲಿ ಪ್ಲೇಗು ಬಂದಾಗ ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಊರಿಗೆ ಊರೇ ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ದೂರ ಇರುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಹಾಸನ ಜಿಲ್ಲೆಯಲ್ಲಿ 2020ರ ಮೇ ತನಕ ಒಂದೂ ಕೇಸ್ ಇರಲಿಲ್ಲ, ಮುಂಬೈಯಿಂದ ಬಂದವರಲ್ಲಿ ಮೊದಲು ಸಿಕ್ಕಿದ್ದು. ಅಲ್ಲಿಯವರೆಗೆ ಉಳಿದದ್ದು ಯಾಕೆ? ನರ್ಸುಗಳಿಗೆ ಕೈಮುಗಿಯೋಣ, ಬೇಡ ಅನ್ನಲ್ಲ. ಆದರೆ ಅವರಿಗೆ ಸರ್ಕಾರ ಸಂಬಳ ಕೊಟ್ಟಿದೆ. ಟೊಮೇಟೊ ತಿಪ್ಪೆಗೆ ಸುರಿದ ನಮಗೆ ಯಾರು ಶಾಲು ಹಾಕಿದರು?

ಸುಮ್ನೆ ಒಳ್ಳೆಯ ನಾಲ್ಕು ಮಾತಾಡಿ, ಊಟ ಹಾಕಿ ಕಳಿಸಿ.

ಮೂರೆಕರೆ ರೊಬಸ್ಟಾ:

ಕೋಪ ಏನಿಲ್ಲ. ಟೊಮೇಟೊ ಸಂಕಟ ನನಗೂ ಗೊತ್ತು, ನಮ್ಮ ಭಾವನದು ಹೊಲದಲ್ಲೇ ಕೊಳೆಯಿತು. ಆದರೆ ಒಂದು ಮಾತು. ಬೋರ್ಡಿನಲ್ಲಿ "ಹೊರಗಿನವರಿಗೆ" ಅಂತ ಬರೆದದ್ದು ನಾನು. ಬೆಂಗಳೂರಿನಲ್ಲಿ ಹತ್ತು ವರ್ಷ ಇದ್ದು ಬಂದ ಹುಡುಗ ಒಳಗಿನವನಾದ, ಹದಿನಾಲ್ಕು ವರ್ಷ ನಮ್ಮ ಮನೆಮನೆ ಸುತ್ತಿದವರು ಹೊರಗಿನವರಾದರು. ಅದು ಭಯಕ್ಕೆ ಆದದ್ದು ಅಂತ ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ. ಪೂರ್ತಿ ಒಪ್ಪಿಗೆ ಆಗಿಲ್ಲ.

ನಿವೃತ್ತ ಫಾರ್ಮಸಿಸ್ಟ್ (ಕಡೂರು):

ಮೊದಲು ಪ್ಲೇಗಿನ ಮಾತಿಗೆ. ಹಳೇಬೀಡು ರಸ್ತೆಯವರು ಹೇಳಿದ್ದು ಅರ್ಧ ಸರಿ. ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂದದ್ದು 1898ರಲ್ಲಿ. ಅದು ಇಲಿಯ ಮೈಮೇಲಿನ ಚಿಗಟ ಕಚ್ಚಿ ಬರುವ ಕಾಯಿಲೆ. ಇಲಿ ಇರುವ ಮನೆ ಬಿಟ್ಟು ಬಯಲಿಗೆ ಹೋದರೆ ನಿಜವಾಗಿ ಉಳಿಯುತ್ತಿದ್ದರು. ಕೊರೊನಾ ಉಸಿರಿನಿಂದ ಉಸಿರಿಗೆ ಬರುವುದು. ಊರ ಬಾಗಿಲಿಗೆ ಬೇಲಿ ಹಾಕಿ, ಒಳಗೆ ಅರಳಿಕಟ್ಟೆ ಮೇಲೆ ಹತ್ತು ಜನ ತಲೆಗೆ ತಲೆ ಕೊಟ್ಟು ಇಸ್ಪೀಟು ಆಡಿದರೆ ಬೇಲಿ ಏನು ಮಾಡುತ್ತದೆ? ನಾನು ಕಣ್ಣಾರೆ ಕಂಡದ್ದು ಇದು. ಹಿರಿಯರು ಊರು ಬಿಟ್ಟರು ನಿಜ. ಮಾತ್ರೆ ತರುವವರನ್ನು ತಡೆದದ್ದು ಹಿರಿಯರ ಲೆಕ್ಕಕ್ಕೆ ಬರೆಯಬೇಡಿ.

ನಾನು ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಲಸಿಕೆ ಲೆಕ್ಕ ನೋಡುತ್ತಿದ್ದವನು. ಭಾಷಣಕ್ಕೆ ಬೇಕಾದರೆ ಇದನ್ನು ಇಟ್ಟುಕೊಳ್ಳಿ, ಜನಕ್ಕೆ ಗೊತ್ತಿಲ್ಲ. ಕೋವಿಶೀಲ್ಡಿನ ಒಂದು ಸೀಸೆಯಲ್ಲಿ ಹತ್ತು ಡೋಸು, ತಲಾ ಅರ್ಧ ಎಂಎಲ್. ಒಮ್ಮೆ ಸೂಜಿ ಹಾಕಿ ಓಪನ್ ಮಾಡಿದರೆ ಸೀಸೆ ಮೇಲೆ ಟೈಮ್ ಬರೆಯಬೇಕು. ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ವೇಸ್ಟು. ವೇಸ್ಟ್ ಜಾಸ್ತಿ ಆದರೆ ಮೇಲಿನವರಿಂದ ಬೈಗುಳ. ಹಾಗಾಗಿ ಹತ್ತು ಜನ ಸೇರುವ ತನಕ ಸೀಸೆ ತೆಗೆಯುತ್ತಿರಲಿಲ್ಲ. ಊರಲ್ಲಿ ಏಳು ಜನ ಬಂದು ಕೂತಿರುತ್ತಾರೆ, ಎಂಟನೆಯವರು ಬರಲ್ಲ. ಸೂಜಿ ಹಾಕಿಸಿಕೊಂಡರೆ ಎರಡು ವರ್ಷಕ್ಕೆ ಸಾಯ್ತಾರಂತೆ ಅಂತ ವಾಟ್ಸಾಪಿನಲ್ಲಿ ಬಂದಿರುತ್ತದೆ. ಬಂದ ಏಳು ಜನ "ಹಾಕ್ತೀರೋ ಇಲ್ವೋ, ಕೆಲಸ ಇದೆ" ಅಂತ ಕೂಗಾಡುತ್ತಾರೆ. ಆಗ ಮೂರು ಜನರನ್ನು ಹುಡುಕಿಕೊಂಡು ಅಡಿಕೆ ತೋಟಕ್ಕೆ, ಕುರಿ ಮಂದೆ ಹತ್ತಿರಕ್ಕೆ ಹೋಗುತ್ತಿದ್ದದ್ದು ಈ ನರ್ಸಮ್ಮಂದಿರೇ. ತೋಳು ಹಿಡಿದು ಕರೆತರುತ್ತಿದ್ದರು.

ಅದರ ಮೇಲೆ ಎರಡನೇ ಡೋಸಿನ ಗೋಳು. ಮೊದಲು 4ರಿಂದ 6 ವಾರ ಅಂದರು. 2021ರ ಮಾರ್ಚ್‌ನಲ್ಲಿ 6ರಿಂದ 8 ವಾರ ಆಯಿತು. ಮೇ ತಿಂಗಳಲ್ಲಿ 12ರಿಂದ 16 ವಾರ. ಪ್ರತಿ ಸಲ ಬದಲಾದಾಗಲೂ ಬೈಸಿಕೊಂಡದ್ದು ಊರಿಗೆ ಹೋಗುವವರು. "ನಮ್ಮ ಡೋಸ್ ಮಾರ್ಕೊಂಡ್ರಾ" ಅಂತ ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ.

ಈಗ ನನ್ನ ತಕರಾರು. ನಿಮ್ಮ ಪೋಸ್ಟನ್ನು ಎರಡು ಸಲ ಓದಿದೆ. ಅದರಲ್ಲಿ ನರ್ಸಮ್ಮ ಇದ್ದಾರೆ, ಪಿಕಪ್ ಇದೆ, ಒಣಮೀನು ಕೂಡ ಇದೆ. ಆಶಾ ಕಾರ್ಯಕರ್ತೆ ಎಲ್ಲಿ? ನರ್ಸಮ್ಮ ಪಟ್ಟಿ ಮಾಡಲು ಬಂದರಲ್ಲ, ಯಾವ ಮನೆಗೆ ಯಾರು ಬಂದಿದ್ದಾರೆ ಅಂತ ಅವರಿಗೆ ಹೇಳಿದವರು ಯಾರು? ಸಾವಿರ ಜನಕ್ಕೆ ಒಬ್ಬರಂತೆ ಆಯಾ ಊರಿನ ಹೆಣ್ಣುಮಗಳನ್ನೇ ಆರಿಸಿ ಆಶಾ ಅಂತ ಮಾಡಿದ್ದು 2005ರ ಗ್ರಾಮೀಣ ಆರೋಗ್ಯ ಯೋಜನೆಯಲ್ಲಿ. ಅವರಿಗೆ ಸಂಬಳ ಅಲ್ಲ, ಗೌರವಧನ ಮತ್ತು ಕೆಲಸಕ್ಕೆ ಇಷ್ಟು ಅಂತ ಪ್ರೋತ್ಸಾಹಧನ. 2020ರ ಜುಲೈನಲ್ಲಿ ಕೊರೊನಾ ಏರುತ್ತಿದ್ದಾಗಲೇ ನಮ್ಮ ರಾಜ್ಯದ ಆಶಾಗಳು ತಿಂಗಳಿಗೆ 12,000 ಕೊಡಿ, ಮಾಸ್ಕು ಗ್ಲೌಸು ಸರಿಯಾಗಿ ಕೊಡಿ ಅಂತ ಕೆಲಸ ನಿಲ್ಲಿಸಿದ್ದರು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾಗಳಿಗೆ ಪ್ರಶಸ್ತಿ ಘೋಷಿಸಿತು. ಜಿನೀವಾದವರಿಗೆ ಕಂಡದ್ದು ನಿಮ್ಮ ಡೈರಿ ಸಭೆಯಲ್ಲಿ ಯಾರಿಗೂ ಕಾಣಲಿಲ್ಲವಾ ಸ್ವಾಮಿ?

ಆಲೂಗಡ್ಡೆ (ಹಾಸನ):

ಫ್ಲೆಕ್ಸ್ ದುಡ್ಡಲ್ಲಿ ಉಪಕೇಂದ್ರದ ನಲ್ಲಿ, ಪಾಯಿಖಾನೆ ಬಾಗಿಲು ಸರಿ ಮಾಡಿಸಿ. ಮೊನ್ನೆ ನಮ್ಮೂರಲ್ಲಿ ನೋಡಿದೆ, ಬಾಗಿಲಿಗೆ ಚಿಲಕವೇ ಇಲ್ಲ, ಸೆಣಬಿನ ಹುರಿ ಕಟ್ಟಿಕೊಂಡಿದ್ದಾರೆ. ಹೋಗುವವರಿಗಲ್ಲದಿದ್ದರೂ ಬರುವವರಿಗಾದರೂ ಆಗುತ್ತೆ. ಇಷ್ಟೇ, ಬಿತ್ತನೆ ಗಡಿಬಿಡಿಯಲ್ಲಿದ್ದೇನೆ.

ಮೂರೆಕರೆ ರೊಬಸ್ಟಾ:

ಕಾರ್ಯಕ್ರಮ ಮುಗಿಯಿತು. ಏನಾಯಿತು ಅಂತ ಕೇಳಿ ನಾಲ್ಕು ಜನ ಮೆಸೇಜ್ ಮಾಡಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ.

ಫಾರ್ಮಸಿಸ್ಟ್ ಸರ್ ಬೈದದ್ದು ಸರಿಯಾಗೇ ತಗುಲಿತು. ನಮ್ಮ ಆಶಾ ನಮ್ಮ ಕೇರಿಯವಳೇ, ನನಗೆ ತಂಗಿ ವರಸೆ. ದಿನಾ ಡೈರಿಯಲ್ಲಿ ಸಿಗುತ್ತಾಳೆ. ದಿನಾ ಸಿಗುವವರಿಗೆ ಸನ್ಮಾನ ಅಂತ ಹೊಳೆಯುವುದೇ ಇಲ್ಲ, ಅಲ್ವಾ? ಅವತ್ತು ಸಂಜೆ ಅವಳ ಮನೆಗೆ ಹೋದೆ. ಹಸುವಿಗೆ ಬೂಸಾ ಕಲೆಸುತ್ತಿದ್ದಳು. ನರ್ಸಮ್ಮನ ಜೊತೆ ನಿನಗೂ ಸನ್ಮಾನ ಮಾಡ್ತೀವಿ ಅಂದೆ. ಕೈ ತೊಳೆದುಕೊಂಡು ಬಂದು ಕೂತಳು. ಬೇಲಿಯ ಮಾತು ನಾನೇ ತೆಗೆದೆ.

"ಬೇಲಿ ಬಿಡಣ್ಣ, ನಾನು ಬೇಲಿ ಒಳಗೇ ಇದ್ದೋಳು" ಅಂದಳು. "ಡೈರಿದು ನೆನಪಿದ್ಯಾ?"

ನನಗೆ ನೆನಪಿರಲಿಲ್ಲ. ನಿಜವಾಗಿ ಇರಲಿಲ್ಲ.

ಲಾಕ್‌ಡೌನ್ ಆದರೂ ಹಾಲಿನ ಗಾಡಿ ಎರಡೂ ಹೊತ್ತು ಬರುತ್ತಿತ್ತು. ಗೆರೆ ಎಳೆದು, ದೂರ ದೂರ ನಿಂತು ಹಾಲು ಹಾಕುತ್ತಿದ್ದೆವು. ಇವಳು ಮನೆಮನೆ ಸುತ್ತುವವಳು ಅಂತ ಯಾರೋ ಒಬ್ಬರು "ನಿನ್ನ ಹಾಲು ಕೊನೆಗೆ ಹಾಕಮ್ಮ" ಅಂದರಂತೆ. ಆಮೇಲೆ ಅದೇ ರೂಢಿ ಆಯಿತಂತೆ. ಆರು ವಾರ. ಎರಡು ಸಲ ಅವಳ ಸರದಿ ಬರುವಷ್ಟರಲ್ಲಿ ಗಾಡಿ ಹೋಗಿ ಹಾಲು ವಾಪಸ್ ಒಯ್ದಳಂತೆ. "ನೀನೂ ಲೈನಲ್ಲಿದ್ದೆ ಅಣ್ಣ. ಎರಡನೇ ಸಲ ನನ್ನ ಮುಂದಿದ್ದೋನು ನೀನೇ."

ಆ ಹಾಲು ಏನು ಮಾಡಿದೆ ಅಂತ ಕೇಳಿದೆ. ಬೇರೆ ಏನು ಕೇಳಬೇಕೋ ಗೊತ್ತಾಗಲಿಲ್ಲ.

"ಹೆಪ್ಪು ಹಾಕಿ ಬೆಣ್ಣೆ ತೆಗೆದೆ. ಆ ಬೆಣ್ಣೆನ ಆಮೇಲೆ ನಿಮ್ಮವ್ವನೇ ತಗೊಂಡ್ರು. ಎಲ್ಲಿಂದ ಬಂತು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ." ಹೇಳಿ ನಕ್ಕಳು. ನಗು ಮುಗಿದ ಮೇಲೆ, "ಶಾಲು ಬೇಡಣ್ಣ. ಒಂದು ಕುರ್ಚಿ ಹಾಕ್ಸು. ಎಲ್ಲಾ ಫಂಕ್ಷನಲ್ಲೂ ಹಾರದ ತಟ್ಟೆ ಹಿಡ್ಕೊಂಡು ನಿಂತ್ಕೊಳ್ಳೋಳು ನಾನೇ" ಅಂದಳು.

ಫ್ಲೆಕ್ಸ್ ಕೈಬಿಡಿಸುವುದಕ್ಕೆ ನಾನು ಪಟ್ಟ ಪಾಡು ಬೇರೆ ಪೋಸ್ಟೇ ಆಗುತ್ತದೆ, ಇಲ್ಲಿ ಬೇಡ. ಅಂತೂ ಉಪಕೇಂದ್ರಕ್ಕೆ ಒಂದು ಸಿಂಟೆಕ್ಸ್, ಎರಡು ನಲ್ಲಿ, ಪಾಯಿಖಾನೆಗೆ ಹೊಸ ಬಾಗಿಲು ಬಂತು, ಚಿಲಕದ ಸಮೇತ. ಶಾಲು ಮಾತ್ರ ತಪ್ಪಿಸಲು ಆಗಲಿಲ್ಲ. ಶಾಲು ಇಲ್ಲದೆ ಕಾರ್ಯಕ್ರಮ ಅಂದರೆ ತಿಥಿ ಅಂದುಕೊಳ್ತಾರೆ ಅಂತ ಸೆಕ್ರೆಟರಿ ಹಠ. ಇಬ್ಬರಿಗೂ ಕುರ್ಚಿ ಹಾಕಿಸಿದೆವು. ಹಾರದ ತಟ್ಟೆ ಹಿಡಿದು ನಿಂತದ್ದು ನಾನು. ಅಷ್ಟು ಹೊತ್ತು ಅದನ್ನು ಹಿಡಿದರೆ ಕೈ ನೋಯುತ್ತದೆ ಅಂತ ಅವತ್ತೇ ಗೊತ್ತಾಯಿತು.

ಮಾತಾಡುವಾಗ ಚೀಟಿ ನೋಡಿಕೊಂಡೇ ಓದಿದೆ. ಲಸಿಕೆ ಸೀಸೆಯ ಲೆಕ್ಕ ಹೇಳಿದಾಗ ಜನ ತಲೆಯಾಡಿಸಿದರು. ಪಿಕಪ್ಪಿನ ಕಥೆಗೆ ಅವ್ವ ಕಣ್ಣೊರೆಸಿಕೊಂಡಳು. ಬೇಲಿಗೆ ಮೂರೇ ಸಾಲು. ಬೋರ್ಡ್ ಬರೆದದ್ದು ನಾನು, ಕಂಬ ಎತ್ತದೆ ನಿಂತದ್ದು ನಾನು, ತಪ್ಪಾಯಿತು ಅಂತ. "ನಾವು" ಅನ್ನಲಿಲ್ಲ. ಡೈರಿಯ ವಿಷಯವನ್ನೂ ಒಂದು ಸಾಲಿನಲ್ಲಿ ಹೇಳಿದೆ. ಸಭೆ ಗಪ್‌ಚುಪ್. ಅವತ್ತು ಕಾವಲಿಗಿದ್ದ ಹುಡುಗ ಈಗ ಸಮಿತಿಯಲ್ಲಿದ್ದಾನೆ, ಮೊಬೈಲ್ ನೋಡುತ್ತಾ ತಲೆ ಎತ್ತಲಿಲ್ಲ.

ನರ್ಸಮ್ಮ ಮೈಕು ತೆಗೆದುಕೊಂಡರು. "ನನಗೆ ಏಳು ಊರು ಇತ್ತು. ಐದು ಊರಲ್ಲಿ ಬೇಲಿ ಇತ್ತು. ನಿಮ್ಮದು ಯಾವುದು ಅಂತ ನನಗೆ..." ಅಂತ ಒಂದು ಕ್ಷಣ ನಿಂತು, ನನ್ನ ಕಡೆ ತಿರುಗಿ, "ಪ್ರವೇಶಕ್ಕೆ ಶಂಕರದ ಶ ಬಿಟ್ಟು ಷಣ್ಮುಖನ ಷ ಹಾಕಿದ್ದ ಬೋರ್ಡು ನಿಮ್ಮದಾ?" ಅಂದರು.

ಡೈರಿ ಹಾಲ್ ಪೂರ್ತಿ ನಕ್ಕಿತು. ಮೊಬೈಲ್ ನೋಡುತ್ತಿದ್ದವನೂ ನಕ್ಕ. ನಾನು ತಟ್ಟೆ ಹಿಡಿದುಕೊಂಡೇ ನಕ್ಕೆ. ಅಪ್ಪೆಮಿಡಿಯವರೇ, ನೀವು ಹೇಳಿದ್ದು ನೆನಪಿತ್ತು, ಅದಕ್ಕೇ ಊಟಕ್ಕೆ ಮನೆಗೆ ಕರೆದಿದ್ದೆ. ಆಶಾನೂ ಬಂದಳು. ಅಕ್ಕಿ ಕಡುಬು, ನಾಟಿಕೋಳಿ ಸಾರು. ಜಗಲಿ ಮೆಟ್ಟಿಲ ಹತ್ತಿರ ನರ್ಸಮ್ಮ ಒಂದು ನಿಮಿಷ ನಿಂತು ಚಪ್ಪಲಿ ಬಿಟ್ಟರು. ನಾನು ಮೈಕಿಲ್ಲದೆ ಇನ್ನೊಂದು ಸಲ ಹೇಳಿದೆ. "ಅವತ್ತು ನನಗೂ ಹೆದರಿಕೆ ಇತ್ತು ಕಣಪ್ಪ" ಅಂದರು. "ನನ್ನಿಂದಲೇ ನಿಮ್ಮೂರಿಗೆ ಬಂದುಬಿಟ್ರೆ ಅಂತ. ಆ ಹುಡುಗ ಹೇಳಿದ್ದು ತಪ್ಪೇನಲ್ಲ. ಹೇಳಿದ ರೀತಿ ತಪ್ಪು."

ಆ ಚೊಂಬು ಈಗ ಮನೆಯಲ್ಲಿಲ್ಲ, ಸ್ಟೀಲ್ ಜಗ್ ಬಂದಿದೆ. ಅವ್ವ ಅದರ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಕಡುಬು ಮಾತ್ರ ಬೇಡ ಬೇಡ ಅಂದರೂ ಹಾಕುತ್ತಲೇ ಇದ್ದಳು. ಹೊರಡುವಾಗ ನರ್ಸಮ್ಮ ಅವ್ವನ ಬೆರಳು ಚುಚ್ಚಿ ಶುಗರ್ ನೋಡಿದರು, ಬೈದರು. ಹೊಸ ಸಿಸ್ಟರ್ ನಂಬರನ್ನು ನನ್ನ ಮೊಬೈಲಿಗೆ ತಾವೇ ಹಾಕಿಕೊಟ್ಟರು.

ಮಾರನೇ ದಿನ ಬೆಳಿಗ್ಗೆ ಡೈರಿಯಲ್ಲಿ ನನ್ನ ಹಿಂದೆ ಆಶಾ ನಿಂತಿದ್ದಳು. ನೀನು ಮೊದಲು ಹಾಕು ಅಂತ ಪಕ್ಕಕ್ಕೆ ಸರಿದೆ.

"ಮೊದಲು ಹಾಕಿದ್ರೂ ಫ್ಯಾಟು ಅಷ್ಟೇ ಬರೋದು ಅಣ್ಣ" ಅಂದಳು. ಆದರೂ ಕ್ಯಾನು ಮುಂದೆ ಇಟ್ಟಳು.